ಕಪ್ಪು ಮಿಷಿನ್ನಿನ ಚಿನ್ನದ ಹೂವು

ಟಿಕ್.

ಡಬ್ಬಿಯ ಮುಚ್ಚಳ ತೆರೆದ ಸದ್ದು, ಅಷ್ಟೆ. ಆದರೆ ರಾತ್ರಿ ಹನ್ನೆರಡೂವರೆಗೆ ಎಲ್ಲರೂ ಮಲಗಿದ ಮನೆಯಲ್ಲಿ ಅದೇ ದೊಡ್ಡದಾಗಿ ಕೇಳಿತು. ಸೊಸೆ ಮುಚ್ಚಳವನ್ನು ಅಂಗೈಯಲ್ಲಿ ಅದುಮಿದಳು.

“ಯಾರದು?” ಪಕ್ಕದ ಕೋಣೆಯಿಂದ ಅತ್ತೆಯ ದನಿ.

“ನಾನೇ ಅತ್ತೆ. ಮಿಷಿನ್ನಿಗೆ ಎಣ್ಣೆ ಬಿಡ್ತಿದ್ದೆ.”

“ಇಷ್ಟು ಹೊತ್ತಲ್ಲಿ?”

“ರಾತ್ರಿಯೆಲ್ಲ ನೆನೆದರೆ ಒಳ್ಳೇದು.”

ಅತ್ತೆಯ ಮಂಚ ಕಿರುಗುಟ್ಟಿತು. “ಹೂವಿನ ಮೇಲೆ ಬೀಳದ ಹಾಗೆ ನೋಡ್ಕೋ.”

ಸೊಸೆ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದಳು. ಅದರಲ್ಲಿದ್ದದ್ದು ಎಣ್ಣೆಯಲ್ಲ, ಚಿನ್ನದ ಬಣ್ಣ. ಇನ್ನು ಮಿಷಿನ್ನಿನ ಮೇಲೆ ಹೂವೂ ಇರಲಿಲ್ಲ.

ಗಂಡನ ಅಜ್ಜಿಯ ಕಾಲದ ಹೊಲಿಗೆ ಮಿಷಿನ್ನು ಅದು. ಆಮೇಲೆ ಅತ್ತೆ ಹೊಲಿದರು. ಹತ್ತು ವರ್ಷದಿಂದ ಚಕ್ರ ತಿರುಗದೆ ಮೂಲೆ ಸೇರಿತ್ತು. ತೊಂಬತ್ತು ದಾಟಿದ ಅಜ್ಜಿ ಕಿರಿಯ ಮಗನ ಮನೆಯಿಂದ ಹೇಳಿಕಳಿಸಿದ್ದರು: ಭಾನುವಾರ ಬರುತ್ತೇನೆ. ಮಿಷಿನ್ನು ಅಚ್ಚುಕಟ್ಟಾಗಿದ್ದರೆ ಮೊಮ್ಮಗನ ಹೆಂಡತಿಗೆ ನನ್ನ ಕೈಯಾರೆ ಕೊಡುತ್ತೇನೆ, ಇಲ್ಲದಿದ್ದರೆ ಮೊಮ್ಮಗಳಿಗೆ. ಆ ಮೊಮ್ಮಗಳು, ಅಂದರೆ ನಾದಿನಿ, ಆಗಲೇ ತನ್ನ ಮನೆಯಲ್ಲಿ ಜಾಗ ಅಳೆದು ಇಟ್ಟಿದ್ದಳು.

ಸೊಸೆಗೆ ಆ ಮಿಷಿನ್ನು ಬೇಕಿತ್ತು. ಮದುವೆಯಾಗಿ ಎರಡು ವರ್ಷದಲ್ಲಿ ಈ ಮನೆಯ ಯಾವ ವಸ್ತುವನ್ನೂ ಅವಳು ‘ನನ್ನದು’ ಎಂದು ಕರೆದಿರಲಿಲ್ಲ.

ರಿಪೇರಿಯವನಿಗೂ ಅದನ್ನು ಮುಟ್ಟಗೊಡದ ಅತ್ತೆ ಅವಳಿಗೆ ಒಂದೇ ಷರತ್ತು ಹಾಕಿದ್ದರು. “ಬೇಕಾದ್ದು ಬಿಚ್ಚು, ಬೇಕಾದ್ದು ಉಜ್ಜು. ಹೂವನ್ನ ಮಾತ್ರ ಮುಟ್ಟಬೇಡ. ಕಾರ್ಖಾನೆಯಲ್ಲೇ ಬರೆದ ಹೂವು ಅದು, ಇನ್ನೊಂದು ಸಿಗಲ್ಲ.”

ಅವಳು ಬಿಚ್ಚಿದಳು. ಸ್ಕ್ರೂ ಕಳಚುವ ಮುಂಚೆ ಪ್ರತಿಯೊಂದರ ಫೋಟೋ ತೆಗೆದಳು. ಬಟ್ಟೆ ಮುಂದೆ ಸರಿಸುವ ಹಲ್ಲುಪಟ್ಟಿಯ ಕೆಳಗೆ ಮುದ್ದೆಗಟ್ಟಿದ್ದ ದಾರದ ನಾರನ್ನು ಸೂಜಿಯಿಂದ ಕಿತ್ತಳು. ಅಂಟಾಗಿ ಹೋಗಿದ್ದ ಹಳೆಯ ಎಣ್ಣೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ನಾಲ್ಕನೆಯ ದಿನ ಚಕ್ರ ಒಂದು ಸುತ್ತು ತಿರುಗಿತು. ಆ ಖುಷಿಯೇ ಮುಳುವಾಯಿತು. ಹೂಬಳ್ಳಿಯ ಒಂದು ಎಲೆಯ ಮೇಲಿದ್ದ ಜಿಡ್ಡಿನ ಚುಕ್ಕೆಯನ್ನು, ಹತ್ತಿಗೆ ಒಂದೇ ಹನಿ ಸ್ಪಿರಿಟ್ ಹಾಕಿ, ಒಂದೇ ಸಲ ಒರೆಸಿದಳು.

ಎಲೆ ಹತ್ತಿಗೆ ಬಂತು. ಎಲೆಯನ್ನು ಸರಿಮಾಡಲು ಹೋಗಿ ಹೂವು ಹೋಯಿತು. ಹೂವನ್ನು ಸರಿಮಾಡಲು ಹೋಗಿ ಬಳ್ಳಿಯೇ ಹೋಯಿತು. ಅಷ್ಟು ವರ್ಷ ಗಟ್ಟಿಯಾಗಿದ್ದ ಚಿನ್ನ ಇಷ್ಟು ಸಲೀಸಾಗಿ ಬಂದದ್ದು ಹೇಗೆಂದು ಯೋಚಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಪುಣ್ಯಕ್ಕೆ ಸ್ಕ್ರೂಗಳ ಫೋಟೋದಲ್ಲಿ ಹೂವೂ ಬಿದ್ದಿತ್ತು. ಹಗಲೆಲ್ಲ ಅತ್ತೆ ಅರ್ಧ ಗಂಟೆಗೊಮ್ಮೆ ಇಣುಕುತ್ತಿದ್ದರು; ಆಗೆಲ್ಲ ಸೊಸೆ ಹೂವಿದ್ದ ಜಾಗಕ್ಕೆ ಎಣ್ಣೆಬಟ್ಟೆ ಹೊದಿಸಿಡುತ್ತಿದ್ದಳು. ಹಾಗಾಗಿ ಮೂರು ರಾತ್ರಿ, ಸಣ್ಣ ಕುಂಚ ಹಿಡಿದು ಕೂತಳು.

“ಕಳ್ಳನೋಟು ಮಾಡ್ತಿದ್ದೀಯೇನೇ?” ನೀರು ಕುಡಿಯಲು ಎದ್ದ ಗಂಡ ಕೇಳಿದ. ಕಾರಣ ಗೊತ್ತಾದ ಮೇಲೆ ನಕ್ಕ. “ಅಜ್ಜಿಗೆ ಅಷ್ಟೆಲ್ಲ ಕಾಣಲ್ಲ, ಬಿಡು.”

“ಅಜ್ಜಿಗೆ ಕಾಣಲ್ಲ. ನಿಮ್ಮಮ್ಮನಿಗೆ ಕಾಣುತ್ತೆ.”

ಗಂಡನ ನಗು ನಿಂತಿತು. ಲೋಟ ಇಟ್ಟು ಹೋಗಿ ಮಲಗಿದ.

ಶನಿವಾರ ಅತ್ತೆ ಮಿಷಿನ್ನಿನ ಮುಂದೆ ನಿಂತರು. ಕನ್ನಡಕ ಒರೆಸಿದರು. ಮತ್ತೆ ಒರೆಸಿದರು.

“ಹೂವು ಹಾಗೇ ಇದೆ ತಾನೆ?”

“ಹಾಗೇ ಇದೆ ಅತ್ತೆ.”

“ಸರಿ. ನಾಳೆ ಅಜ್ಜಿ ಮುಂದೆ ನೀನಾಗಿ ಹೂವಿನ ಮಾತೆತ್ತಬೇಡ.”

ಸಿಕ್ಕಿಬಿದ್ದೆ ಎಂದುಕೊಂಡಳು ಸೊಸೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಭಾನುವಾರ ಅತ್ತೆಯ ಮನಸ್ಸೇ ಅರ್ಥವಾಗಲಿಲ್ಲ. ಅಜ್ಜಿ ಬರುವ ಮುಂಚೆ ಮಿಷಿನ್ನನ್ನು ಹೂವಿನ ಕಡೆ ಗೋಡೆಗೆ ಬರುವಂತೆ ತಿರುಗಿಸಿಟ್ಟರು. “ಬೆಳಕು ಕಣ್ಣಿಗೆ ಚುಚ್ಚುತ್ತೆ” ಎಂದು ಪರದೆ ಎಳೆದರು. ನನ್ನ ತಪ್ಪನ್ನು ಮುಚ್ಚಿಹಾಕುವಷ್ಟು ಒಳ್ಳೆಯವರನ್ನು ಎರಡು ವರ್ಷ ತಪ್ಪು ತಿಳಿದೆನಲ್ಲ ಎಂದು ಸೊಸೆಯ ಕಣ್ಣು ತುಂಬಿತು.

ಅಜ್ಜಿ ಬಂದು ಕೂತವರೇ, “ಮಿಷಿನ್ನಿಗೇನು ಮುನಿಸೋ? ಈಚೆ ತಿರುಗಿಸು” ಎಂದರು. ಚಕ್ರ ಸುತ್ತಿ ಒಂದು ಗೇಣು ಹೊಲಿಗೆ ಹಾಕಿದರು. ಹೊಲಿಗೆ ನೇರವಾಗಿ ಬಂತು. ಆಮೇಲೆ ಅವರ ಬೆರಳು ಮೆಲ್ಲಗೆ ಬಳ್ಳಿಯ ಮೇಲೆ ಹರಿಯಿತು. ಅತ್ತೆ ಕೂತಲ್ಲಿಂದ ಎದ್ದರು, ಮತ್ತೆ ಕೂತರು.

“ನೀನು ಹೋಗಿ ಬಿಸಿನೀರು ತಗೊಂಡು ಬಾ” ಎಂದು ಅಜ್ಜಿ ಅತ್ತೆಯನ್ನು ಕಳಿಸಿದರು. ಹೆಜ್ಜೆ ಸದ್ದು ದೂರವಾಗುವವರೆಗೆ ಕಾದರು.

“ಯಾವಾಗ ಬರೆದೆ?”

“ಮೊನ್ನೆ… ತಪ್ಪಾಯಿತು ಅಜ್ಜಿ. ಕಾರ್ಖಾನೆಯ ಹೂವನ್ನ ಅಳಿಸಿಬಿಟ್ಟೆ.”

“ನೀನು ಅಳಿಸಿದ್ದು ನಿಮ್ಮತ್ತೆ ಬರೆದ ಹೂವು. ಗೋಡೆಗೆ ಸುಣ್ಣ ಹೊಡೆದ ಹಾಗೆ ದಪ್ಪಕ್ಕೆ ಬಳಿದಿದ್ದಳು. ನಿನ್ನ ಕೈ ವಾಸಿ. ಮಿಷಿನ್ನು ನಿನಗೇ.”

ಅಡುಗೆಮನೆಯಲ್ಲಿ ಪಾತ್ರೆಯೊಂದು ಕೈಜಾರಿ ಬಿತ್ತು. ಪರದೆ, ಗೋಡೆ, ರಿಪೇರಿಯವನು, ಎಲ್ಲವೂ ಸೊಸೆಗೆ ಒಟ್ಟಿಗೆ ಅರ್ಥವಾಯಿತು.

“ನಿಮಗೆ ಗೊತ್ತಿತ್ತಾ? ಅತ್ತೆಗೆ ನೀವು ಒಂದು ಮಾತೂ ಅನ್ನಲಿಲ್ವಾ?”

ಅಜ್ಜಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಯಾವ ಬಾಯಲ್ಲಿ ಅನ್ನಲಿ? ಅಂಗಡಿಯಿಂದ ಬಂದಾಗ ಇದರ ಮೇಲಿದ್ದದ್ದು ನವಿಲು. ನನಗೆ ಬರೆಯೋಕೆ ಬರ್ತಿದ್ದದ್ದು ಹೂವು ಮಾತ್ರ.”

ಅತ್ತೆ ಲೋಟ ಹಿಡಿದು ಓಡೋಡಿ ಬಂದರು. ಇಬ್ಬರ ಮುಖವನ್ನೂ ನೋಡಿದರು. “ಏನಂತೆ?”

“ಹೂವು ಹಾಗೇ ಇದೆ ಅಂತಿದ್ರು” ಎಂದಳು ಸೊಸೆ. ಗಂಡನಿಗೂ ಇಷ್ಟೇ ಹೇಳುವುದೆಂದು ನಿಶ್ಚಯಿಸಿ, ತನ್ನ ಮಿಷಿನ್ನಿಗೆ ತಾನೇ ಗವುಸು ಹೊದಿಸಿದಳು.