ತೋಳಿನ ಕೊನೆಯ ಹೆಣಿಗೆ

ಅಮ್ಮ ಬಟ್ಟೆ ಹಿಂಡುತ್ತಿದ್ದಾಗ ಮಗಳು ಹಾಸಿಗೆಯಿಂದ ನೇರವಾಗಿ ಬಚ್ಚಲಿಗೆ ಬಂದು, ಅಜ್ಜಿ ಅರ್ಧಕ್ಕೆ ಬಿಟ್ಟುಹೋದ ಸ್ವೆಟರನ್ನು ಬಕೆಟ್ಟಿಗೆ ಎಸೆದಳು. ಒಂದು ತೋಳು ಮುಗಿದಿತ್ತು, ಇನ್ನೊಂದರಲ್ಲಿ ಹೆಣೆಯುವ ಕಡ್ಡಿ ಹಾಗೇ ಇತ್ತು.

“ಸುಳ್ಳು ಹೇಳ್ದೆ ನೀನು! ಅಜ್ಜಿ ಕನಸಲ್ಲಿ ಬಂದು ಹೇಳಿಕೊಡ್ತಾರೆ ಅಂದ್ಯಲ್ಲಾ?”

ಅಜ್ಜಿ ತೀರಿಕೊಂಡ ದಿನ ಅಮ್ಮ ಸಮಾಧಾನಕ್ಕೆ ಆಡಿದ ಮಾತದು. ಅದನ್ನು ನಂಬಿ ಮಗಳು ಎರಡು ವಾರದಿಂದ ದಿನಾ ಬೆಳಗ್ಗೆ ಎಚ್ಚರವಾದ ಮೇಲೆ ಒಂದು ಕೈ ಎತ್ತಿಕೊಂಡು, ಮನಸ್ಸಲ್ಲೇ ಎಣಿಸುತ್ತಾ ಮತ್ತೆ ಮಲಗಿ, ಎಚ್ಚರ ತಪ್ಪದೆ ಕನಸಿನೊಳಗೆ ಹೋಗುವುದನ್ನು ಕಲಿಯುತ್ತಿದ್ದಳು. ನಿದ್ದೆ ಹತ್ತಿದರೆ ಕೈ ಬಿದ್ದು ಎಬ್ಬಿಸುತ್ತಿತ್ತು; ಮತ್ತೆ ಒಂದರಿಂದ ಎಣಿಕೆ.

“ಬರ್ಲಿಲ್ವಾ ಪುಟ್ಟಿ?”

“ಬಂದ್ರು! ಇವತ್ತು ಎಚ್ಚರವಾಗೇ ಒಳಗೆ ಹೋಗಿ ನಾನೇ ಕರೆದೆ. ತೋಳು ಹೇಗೆ ಮುಗಿಸೋದು ಅಂತ ಕೇಳಿದ್ರೆ, ನಂಗೆ ಬರೋ ಹೆಣಿಗೇನೇ ಮತ್ತೆ ಮತ್ತೆ ಹಾಕ್ತಾರೆ! ನಂಗೆ ಗೊತ್ತಿಲ್ದೇ ಇರೋದು ಅವ್ರಿಗೂ ಗೊತ್ತಿಲ್ಲ. ಅದು ಅಜ್ಜಿ ಅಲ್ಲ, ನಾನೇ!”

ಅಮ್ಮ ಸ್ವೆಟರನ್ನು ಮೇಲೆತ್ತಿ, ಹೆಣಿಗೆ ಜಾರದಂತೆ ಕಡ್ಡಿಯನ್ನು ಬಿಗಿಯಾಗಿ ಹಿಡಿದಳು.

“ಹೇಳಮ್ಮಾ, ನಿಜವಾದ ಅಜ್ಜಿ ಇನ್ನು ಬರೋದೇ ಇಲ್ವಾ?”