ಒಬ್ಬನೇ ಒಬ್ಬ ಮೂರ್ಖ

ಚಿಲಕ ಬಿದ್ದ ಸದ್ದಿಗೆ ಅವಳು ಬೆಚ್ಚಿ ತಿರುಗಿದಳು.

“ಕಾರ್ಯಕ್ರಮ ಶುರುವಾದ್ಮೇಲೆ ಬಾಗಿಲು ತೆಗೆಯೋ ಹಾಗಿಲ್ಲ,” ಎಂದ ಅಭಿಮಾನಿ ಸಂಘದ ಅಧ್ಯಕ್ಷ. ವೃತ್ತಿಯಿಂದ ದಂತವೈದ್ಯ, ಬಾಯಿ ಮುಚ್ಚಿಸುವ ಅಭ್ಯಾಸವಿಲ್ಲದವನು. “ಬೆಂಕಿ ಬಿದ್ರೂ ಎಪಿಸೋಡ್ ಮುಗಿಸ್ಕೊಂಡೇ ಓಡೋದು.”

ಸಭೆ ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ. ನೃತ್ಯಶಾಲೆಯ ಆ ಬಾಡಿಗೆ ಹಾಲಿನಲ್ಲಿ ಮಡಚುವ ಕುರ್ಚಿಗಳನ್ನು ಎಷ್ಟು ಒತ್ತಾಗಿ ಹಾಕಿದ್ದರೆಂದರೆ, ಅವಳೊಬ್ಬಳು ಏಳಬೇಕಾದರೂ ಇಡೀ ಸಾಲೇ ಏಳಬೇಕಿತ್ತು.

‘ತಳ್ಳಬೇಡಿ, ಎಳೆಯಿರಿ’ ಎಂಬ ಹಾಸ್ಯ ಧಾರಾವಾಹಿ ಕೆಲವೇ ತಿಂಗಳು ಬಂದು ನಿಂತುಹೋಗಿ ಒಂದು ಕಾಲವಾಗಿತ್ತು. ಒಂದು ಕಚೇರಿ, ಅದಕ್ಕೊಂದು ಬಾಗಿಲು. ಎಳೆದರೆ ತೆರೆಯುತ್ತದೆ, ಎಲ್ಲರೂ ತಳ್ಳುತ್ತಾರೆ, ಯಾರೂ ಮನೆಗೆ ಹೋಗುವುದಿಲ್ಲ. ಕಥೆ ಅಷ್ಟೇ. ಆದರೂ ನೋಡಿದವರಿಗೆ ಹಿಡಿದ ಹುಚ್ಚು ಬಿಟ್ಟಿರಲಿಲ್ಲ.

ಈ ವರ್ಷ ತೀರಿಕೊಂಡವರ ಫೋಟೊಗಳು ಗೋಡೆಯ ಮೇಲಿದ್ದವು. ಹೆಡ್ ಕ್ಲರ್ಕ್ ಪಾತ್ರದ ನಟ. ಧಾರಾವಾಹಿಯ ಬರಹಗಾರ. ಮೂರನೆಯದು ಒಂದೇ ವಿಮರ್ಶೆಯಿಂದ ಅದರ ಕಥೆ ಮುಗಿಸಿದ ಪತ್ರಿಕಾ ವಿಮರ್ಶಕನದು. ಅದೊಂದನ್ನು ಮಾತ್ರ ತಲೆಕೆಳಗಾಗಿ ತೂಗುಹಾಕಿದ್ದರು.

ಅದು ಅವಳ ಅಪ್ಪನ ಫೋಟೊ.

ಯಾರೋ ಫೋನಿಗೆ ಕಳಿಸಿದ್ದ ಆ ಗೋಡೆಯ ಚಿತ್ರವನ್ನು ಬೆಳಿಗ್ಗೆ ಅಮ್ಮ ನೋಡಿಬಿಟ್ಟಿದ್ದಳು. “ಸತ್ತ ಮೇಲಾದ್ರೂ ಅವರನ್ನ ನೆಟ್ಟಗಿರೋಕೆ ಬಿಡಬಾರ್ದಾ? ಹೋಗಿ ಇಳಿಸ್ಕೊಂಡು ಬಾ. ಯಾರ ಹತ್ರಾನೂ ಜಗಳ ಬೇಡ.” ಜನ ಸೇರುವ ಮೊದಲೇ ಕೆಲಸ ಮುಗಿಸಿ ಜಾಗ ಖಾಲಿ ಮಾಡುವುದೆಂದು ಅವಳು ಬಂದಿದ್ದಳು. ಬಂದಾಗ ಕಾಲಿಡಲೂ ಜಾಗವಿರಲಿಲ್ಲ. ಮಡಿಲಲ್ಲಿದ್ದ ಬ್ಯಾಗಿನ ಜಿಪ್ ಇನ್ನೂ ತೆರೆದೇ ಇತ್ತು.

ದಂತವೈದ್ಯ ಕೈ ಎತ್ತಿದ. ಇಡೀ ಹಾಲು ಒಂದೇ ದನಿಯಲ್ಲಿ ಅಪ್ಪನ ವಿಮರ್ಶೆಯ ಕೊನೆಯ ಸಾಲುಗಳನ್ನು ಒಪ್ಪಿಸಿತು: “ಈ ಧಾರಾವಾಹಿ ನೋಡಿ ನಗುವ ಮೂರ್ಖ ಒಬ್ಬನೇ ಒಬ್ಬ ಇದ್ದಾನೆ. ಅವನನ್ನು ನಾನು ಚೆನ್ನಾಗಿ ಬಲ್ಲೆ.”

ಅದು ಅಚ್ಚಾದ ವಾರವೇ ಚಾನೆಲ್ಲಿನವರು ಧಾರಾವಾಹಿ ನಿಲ್ಲಿಸಿದರು. ಆ ಒಬ್ಬ ತಾನೇ ಎಂದುಕೊಂಡ ಬರಹಗಾರ ಮತ್ತೆ ಪೆನ್ನು ಹಿಡಿಯಲಿಲ್ಲ. ಅಭಿಮಾನಿಗಳೋ, ಬೈಗುಳವನ್ನೇ ಬಿರುದು ಮಾಡಿಕೊಂಡು ಟೀ ಶರ್ಟಿನ ಮೇಲೆ ಹಾಕಿಸಿಕೊಂಡಿದ್ದರು: ‘ಆ ಮೂರ್ಖ ನಾನೇ.’

“ಈಗ ಮೈಕು ಎಲ್ಲರ ಹತ್ರಾನೂ ಬರುತ್ತೆ. ಯಾರ ನೆನಪಿಗೆ ಬಂದಿದ್ದೀರಿ ಅಂತ ಹೇಳಿ, ಆಮೇಲೆ ಬಿರುದು ಹೇಳ್ಬೇಕು. ತಪ್ಪಿಸ್ಕೊಳ್ಳೋ ಹಾಗಿಲ್ಲ.”

ಮೈಕು ಮುಂದಿನ ಸಾಲಿನಿಂದ ಹೊರಟಿತು. ಹೆಡ್ ಕ್ಲರ್ಕ್, ಆ ಮೂರ್ಖ ನಾನೇ. ಬರಹಗಾರರು, ಆ ಮೂರ್ಖ ನಾನೇ. ಸುಳ್ಳು ಹೇಳಿದರೆ ಅಪ್ಪನಿಗೆ ದ್ರೋಹ. ನಿಜ ಹೇಳಿ ಓಡೋಣವೆಂದರೆ ಬಾಗಿಲಿಗೆ ಚಿಲಕ.

ಅಪ್ಪ ನಕ್ಕದ್ದನ್ನು ಅವಳು ಕಂಡವಳೇ ಅಲ್ಲ. ಮನೆಯಲ್ಲಿ ಯಾರಾದರೂ ತಮಾಷೆ ಮಾಡಿದರೆ ಸಾಕು, ಮುಖ ಗಂಟಿಕ್ಕಿಕೊಂಡು ಬಚ್ಚಲುಮನೆಗೆ ಹೋಗಿ, ಬಾಗಿಲು ಹಾಕಿ, ನಲ್ಲಿ ಜೋರಾಗಿ ತಿರುಗಿಸುತ್ತಿದ್ದರು. ಆಸ್ಪತ್ರೆಯಲ್ಲೂ ಅಷ್ಟೇ. ಚಿಕ್ಕಪ್ಪ ಬಂದು ತನ್ನ ಹಳೇ ಜೋಕು ಹೇಳಿ, ಯಾರೂ ನಗದೆ ಪೆಚ್ಚಾಗಿ ಎದ್ದುಹೋದ. ಅವನು ಹೋದ ಮೇಲೆ ಅಪ್ಪನ ಗಂಟಲಿನಿಂದ ಕೀರಲು ಸದ್ದೊಂದು ಹೊರಟಿತು, ಹಿಂದೆಯೇ ಬಿಕ್ಕಳಿಕೆ. ಉಸಿರು ಕಟ್ಟಿತೆಂದು ಹೆದರಿ ಅವಳು ಸಿಸ್ಟರನ್ನು ಕೂಗಿದ್ದಳು. ಆಕ್ಸಿಜನ್ ಮಾಸ್ಕ್ ಹಾಕುವಾಗ ಅಪ್ಪ ಬೇಡ ಬೇಡ ಎಂದು ಕೈ ಬೀಸುತ್ತಲೇ ಇದ್ದರು. ಎರಡು ದಿನಕ್ಕೆ ಹೋಗಿಬಿಟ್ಟರು. ಆ ಸಂಕಟದ ಸದ್ದು ಇನ್ನೂ ಅವಳ ಕಿವಿ ಬಿಟ್ಟಿರಲಿಲ್ಲ. ಇಲ್ಲಿ ನೋಡಿದರೆ ಇವರು ಅದೇ ಮನುಷ್ಯನನ್ನು ತಲೆಕೆಳಗೆ ಮಾಡಿ ಹಲ್ಲು ಕಿರಿಯುತ್ತಿದ್ದರು. ಅವಳಿಗೆ ಅಳು ಬಂತು, ಸಿಟ್ಟೂ ಬಂತು.

“ಮೊದಲನೇ ಸಲಾನಾ?” ಪಕ್ಕದಲ್ಲಿ ಕೂತ ಟೈಲರಮ್ಮ ಪಿಸುಗುಟ್ಟಿದಳು. ಗೋಡೆಯ ಕೊನೆಯಲ್ಲಿದ್ದ ಖಾಲಿ ಚೌಕಟ್ಟು ತೋರಿಸಿದಳು. “ಅದು ನಮ್ಮ ಲೇಟಕ್ಕಂದು. ಆಗ ಸ್ಟುಡಿಯೋದಲ್ಲಿ ಜನ ಕೂರಿಸಿ ನಗು ರೆಕಾರ್ಡ್ ಮಾಡ್ತಿದ್ರಲ್ಲ? ಎಲ್ಲರೂ ನಕ್ಕು ಸುಮ್ಮನಾದ ಮೇಲೆ ಇವಳೊಬ್ಬಳು ನಗೋಳು. ಒಂದು ವಾರಾನೂ ತಪ್ಪಿಸಿಲ್ಲ ಪುಣ್ಯಾತ್ಗಿತ್ತಿ. ಯಾರು ಏನು ಅಂತ ಯಾರಿಗೂ ಗೊತ್ತಿಲ್ಲ. ನಮ್ಮನೆಯವರು ತೀರ್ಕೊಂಡ ವರ್ಷ ಆ ನಗು ಕೇಳ್ಕೊಂಡೇ ನಾನು ಬದುಕಿದ್ದು ಕಣಮ್ಮ.”

ಮೈಕು ಟೈಲರಮ್ಮನ ಕೈಗೆ ಬಂತು. “ಲೇಟಕ್ಕನ ನೆನಪಿಗೆ,” ಎಂದಳು. ಚಪ್ಪಾಳೆ ಬಿತ್ತು. “ಹಾಗಾದ್ರೆ ಕೇಳಿಸ್ಬಿಡೋಣ!” ಎಂದು ದಂತವೈದ್ಯ ದೀಪ ಆರಿಸಿದ.

ಪರದೆಯ ಮೇಲೆ ಹೆಡ್ ಕ್ಲರ್ಕ್ ಬಾಗಿಲಿಗೆ ಹೆಗಲು ಕೊಟ್ಟು ತಳ್ಳಿದ. ಅತ್ತ ಕಡೆಯಿಂದ ಜವಾನ “ಎಳೀರಿ ಸ್ವಾಮೀ!” ಎಂದ. ಸ್ಟುಡಿಯೋ ತುಂಬ ನಗು. ನಗು ಇಳಿಯಿತು, ನಿಂತಿತು. ಹಾಲಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕಾದರು.

ಆಗ ಬಂತು. ಒಂದು ಕೀರಲು ಸದ್ದು, ಹಿಂದೆಯೇ ಬಿಕ್ಕಳಿಕೆ.

‘ಸಿಸ್ಟರ್!’ ಎಂಬ ಕೂಗು ಅವಳ ಗಂಟಲವರೆಗೆ ಬಂದು ನಿಂತಿತು. ಯಾವಾಗ ಎದ್ದು ನಿಂತಳೋ ಅವಳಿಗೇ ತಿಳಿಯಲಿಲ್ಲ. ದೀಪ ಹತ್ತಿತು. ಟೈಲರಮ್ಮ ಮೈಕನ್ನು ಅವಳ ಕೈಗೆ ತುರುಕಿದ್ದಳು.

“ಹೇಳಮ್ಮ,” ಎಂದ ದಂತವೈದ್ಯ. “ಯಾರ ನೆನಪಿಗೆ?”

“ಆ ಮೂರ್ಖ ನಾನಲ್ಲ,” ಎಂದಳು ಅವಳು, ತಲೆಕೆಳಗಾದ ಫೋಟೊದತ್ತ ಕೈ ತೋರಿಸಿ. “ನಿಮ್ಮ ಲೇಟಕ್ಕ ಅಲ್ಲಿದ್ದಾರೆ. ಅವರು ನಮ್ಮಪ್ಪ.”