ಏಳು ದಿನದ ಮಣ್ಣು

ಒಂದು ಸಂಖ್ಯೆ... ಒಂದೇ ಒಂದು ಸಂಖ್ಯೆ ತಪ್ಪಾಗಿತ್ತು.

ಅದು ಮೇದಿನಿಯ ಕಣ್ಣಿಗೆ ಬಿದ್ದದ್ದು ಒಂದು ಮಳೆಯ ಬೆಳಿಗ್ಗೆ.

ಮೇದಿನಿ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಸಿಮೆಂಟ್ ಬೆರೆಸಿ ಗಟ್ಟಿ ಮಾಡಿದ ಮಣ್ಣು ಮಳೆಗೆ ಕುಸಿದರೆ ಎಲ್ಲಿಯವರೆಗೆ ಹರಿದು ಬರುತ್ತದೆ... ಇದೇ ಅವಳ ವಿಷಯ.

ಕಂಪ್ಯೂಟರಿನಲ್ಲಿ ಇಡೀ ದಿಬ್ಬವನ್ನು ಲಕ್ಷಾಂತರ ಪುಟ್ಟ ಕಣಗಳಾಗಿ ಒಡೆದು, ಒಂದು ಕಣ ಇನ್ನೊಂದನ್ನು ಹೇಗೆ ತಳ್ಳುತ್ತದೆ ಎಂದು ಲೆಕ್ಕ ಹಾಕುತ್ತಿದ್ದಳು.

ಹೆದ್ದಾರಿ ಕೆಲಸದ ಒಂದು ದಿಬ್ಬಕ್ಕೆ ಅವಳೇ ರಿಪೋರ್ಟ್ ಕೊಟ್ಟಿದ್ದಳು. ಕುಸಿದರೂ ಮಣ್ಣು ಇಪ್ಪತ್ತು ಮೀಟರ್ ದಾಟುವುದಿಲ್ಲ ಎಂದು ಬರೆದಿದ್ದಳು.

ಅದನ್ನು ನಂಬಿ ಅರವತ್ತು ಮೀಟರ್ ದೂರದಲ್ಲಿ ಕೆಲಸಗಾರರಿಗೆ ಶೆಡ್ ಹಾಕಿದ್ದರು. ಹನ್ನೊಂದು ಕುಟುಂಬ...

ಆದರೆ ಅವಳು ಲೆಕ್ಕಕ್ಕೆ ಹಿಡಿದದ್ದು ಇಪ್ಪತ್ತೆಂಟು ದಿನ ಗಟ್ಟಿಯಾದ ಮಣ್ಣಿನ ಬಲ. ಅಲ್ಲಿದ್ದದ್ದು ಹಾಕಿ ಏಳೇ ದಿನವಾದ ಹಸಿ ಮಣ್ಣು.

ಸರಿಯಾದ ಸಂಖ್ಯೆ ಹಾಕಿ ಮತ್ತೆ ನೋಡಿದಳು. ಸ್ಕ್ರೀನ್ ಮೇಲೆ ಕಣಗಳು ಇಪ್ಪತ್ತು ದಾಟಿದವು... ನಲವತ್ತು ದಾಟಿದವು... ಶೆಡ್‌ಗಳನ್ನೂ ದಾಟಿ ತೊಂಬತ್ತಕ್ಕೆ ನಿಂತವು.

ಕಿಟಕಿಯಾಚೆ ಮಳೆ ಸುರಿಯುತ್ತಲೇ ಇತ್ತು.

ಹೇಳಿದರೆ ನಾಲ್ಕು ವರ್ಷದ ಕೆಲಸ ಹೋಗುತ್ತದೆ. ರಿಪೋರ್ಟಿಗೆ ಸಹಿ ಹಾಕಿದ್ದ ಗೈಡ್ ಮರುಳಸಿದ್ದಯ್ಯನವರ ಹೆಸರೂ ಹೋಗುತ್ತದೆ. ಅವರ ಕೋಪಕ್ಕೆ ಇಡೀ ಡಿಪಾರ್ಟ್‌ಮೆಂಟ್ ಹೆದರುತ್ತಿತ್ತು.

ಈ ಹೊಸ ಲೆಕ್ಕದ ಫೈಲ್ ಡಿಲೀಟ್ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನಿಸಿತು... ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು.

ಎದ್ದು ಅವರ ರೂಮಿಗೆ ಹೋಗಿ, ತಡವರಿಸುತ್ತಾ ಎಲ್ಲವನ್ನೂ ಹೇಳಿದಳು.

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿನ್ನ ವಯಸ್ಸಲ್ಲಿ ನನಗೂ ಇಂಥದ್ದೇ ಒಂದು ತಪ್ಪು ಕಂಡಿತ್ತು ಮೇದಿನಿ... ನಾನು ಹೇಳಲಿಲ್ಲ. ಗೋಡೆ ಬಿತ್ತು. ತಾಯಿ, ಮಗು... ಇಬ್ಬರು ಹೋದರು."

ಅವರ ಕಣ್ಣು ತುಂಬಿ ಬಂದಿತ್ತು. ಆದರೂ ಕೈ ಆಗಲೇ ಸೈಟಿನ ಫೋನ್ ನಂಬರ್ ಒತ್ತುತ್ತಿತ್ತು.

ಮಧ್ಯಾಹ್ನದೊಳಗೆ ಇಬ್ಬರೂ ಅಲ್ಲಿದ್ದರು. ಹನ್ನೊಂದೂ ಕುಟುಂಬಗಳನ್ನು ದೂರದ ಸಮುದಾಯ ಭವನಕ್ಕೆ ಸಾಗಿಸಿದರು.

ಮಳೆಯಲ್ಲಿ ಪಾತ್ರೆ ಪಗಡ ಹೊತ್ತ ಜನ ಗೊಣಗಿದರು. ಎಲ್ಲರಿಗಿಂತ ಜೋರಾಗಿ ಗೊಣಗಿದ್ದು ಕೊಪ್ಪಳ ಕಡೆಯಿಂದ ಕೆಲಸಕ್ಕೆ ಬಂದಿದ್ದ ಹುಲಿಗೆಮ್ಮ.

ಮರುದಿನ ದಿಬ್ಬ ನಿಂತೇ ಇತ್ತು... ಅದರ ಮರುದಿನವೂ. ವಾಪಸ್ ಹೋಗುತ್ತೇವೆ ಅಂದರು ಕೆಲವರು. ಕಂಪ್ಯೂಟರ್ ಜ್ಯೋತಿಷ್ಯ ಎಂದು ಯಾರೋ ನಕ್ಕರು. ಮೇದಿನಿಗೆ ಊಟ ಸೇರಲಿಲ್ಲ.

ಮೂರನೇ ದಿನ ಮಧ್ಯಾಹ್ನ ದಿಬ್ಬ ಕುಸಿಯಿತು.

ಮಣ್ಣು ಎಪ್ಪತ್ತು ಮೀಟರ್ ಬಂತು. ಅವಳ ಎರಡನೇ ಲೆಕ್ಕವೂ ಪೂರ್ತಿ ಸರಿಯಿರಲಿಲ್ಲ... ಆದರೆ ಶೆಡ್‌ಗಳಿದ್ದ ಜಾಗದಲ್ಲಿ ತಗಡಿನ ಒಂದು ಮೂಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಮೇದಿನಿ ಸುತ್ತ ನಿಂತಿದ್ದವರನ್ನು ಒಬ್ಬೊಬ್ಬರಾಗಿ ಎಣಿಸತೊಡಗಿದಳು. ಹುಲಿಗೆಮ್ಮ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

"ಕುಂದ್ರು ನನ್ನವ್ವ... ಎಲ್ಲಾರೂ ಅದೀವಿ. ನಾನು ಎಣಿಸಿ ನೋಡೀನಿ."

ಮೇದಿನಿ ಅವಳ ಹೆಗಲಿಗೊರಗಿ ಅತ್ತುಬಿಟ್ಟಳು.

ಒಪ್ಪಿಕೊಂಡ ತಪ್ಪಿಗೆ ನಾಲ್ಕು ದಿನದ ನಾಚಿಕೆ... ಮುಚ್ಚಿಟ್ಟ ತಪ್ಪಿಗೆ ಜೀವನಪೂರ್ತಿ ಭಯ.

"ನನ್ನಿಂದ ತಪ್ಪಾಗಿದೆ" ಎಂದು ಇವತ್ತೇ ಹೇಳಬೇಕಾದವರು... ನಿಮಗೂ ಯಾರಾದರೂ ಇದ್ದಾರಾ?